ಟೊಂಕ ಹಿಡಿದಾಗ ಮಾಲೀಶು

ಸತ್ತಿಯ ಹೊಳೆದಂಡೆಯ ಹೊಲಗಳಲ್ಲಿ ಕಬ್ಬು ಕಡಿಯುವ ಆಳು ಇಡೀ ದಿನ ಬಾಗಿಯೇ ಇರುತ್ತಾನೆ. ಟೊಂಕದ ಸ್ನಾಯುಗಳು ಬಿಗಿದು, ಸಂಜೆಗೆ ನೆಟ್ಟಗೆ ನಿಲ್ಲಲಾರನು. ಎಲುಬು ಸರಿದಿದೆಯೆಂದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ರೂಢಿಯನ್ನು ಬಿಡತಕ್ಕದ್ದು. ಅದರಿಂದ ಬೆನ್ನೆಲುಬಿಗೆ ಪೆಟ್ಟಾದೀತು.

ಗರಡಿಯ ಪೈಲವಾನರ ಮಾಲೀಶು ಎಷ್ಟೋ ಮೇಲು. ಬೋರಲು ಮಲಗಿಸಿ, ಬೆಚ್ಚಗಿನ ಎಣ್ಣೆ ಹಚ್ಚಿ, ನಡುವಿನ ಎಲುಬನ್ನು ಬಿಟ್ಟು ಅದರ ಎರಡೂ ಬದಿಗೆ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ತಿಕ್ಕಬೇಕು. ಎಣ್ಣೆ ಕುಸುಬಿಯದಾದರೂ ಸರಿ, ಶೇಂಗಾದ್ದಾದರೂ ಸರಿ, ಗುಣವಿರುವುದು ಕೈಯಲ್ಲಿ. ನೋವು ಹೆಚ್ಚಿದರೆ ನಿಲ್ಲಿಸಿರಿ.

ಬಿಗಿ ಸಡಿಲಾದರೂ ಮರುದಿನ ಹಾಗೆಯೇ ಬಾಗಿದರೆ ಮತ್ತೆ ಹಿಡಿಯುವುದು. ಆದ್ದರಿಂದ ಆಗಾಗ ನೆಟ್ಟಗೆ ನಿಂತು, ಟೊಂಕಕ್ಕೆ ಕೈಕೊಟ್ಟು ತುಸು ಹಿಂದಕ್ಕೆ ಬಾಗಿರಿ. ಹೊರೆಯನ್ನು ಮೊಣಕಾಲು ಮಡಚಿ ಎತ್ತಿರಿ. ಕಾಲು ಜೋಮು ಹಿಡಿದು ಬಲಗುಂದಿದರೆ, ಇಲ್ಲವೆ ಮೂತ್ರ ಕಟ್ಟಿದರೆ, ತಿಕ್ಕಿಸುತ್ತ ಕೂಡದೆ ಅಂದೇ ಅಥಣಿಯ ಸರಕಾರಿ ದವಾಖಾನೆಗೆ ಹೋಗತಕ್ಕದ್ದು.