ಒಂದೇ ಬೆಳಗಿನಲ್ಲಿ ವಿಜಯಪುರ: ಹಂತ ಹಂತವಾಗಿ

ಕೆಲಸದ ಮೇಲೆ ವಿಜಯಪುರಕ್ಕೆ ಬಂದಿದ್ದೀರಿ, ಮಧ್ಯಾಹ್ನ ಬಸ್ಸು ಹಿಡಿಯಬೇಕು. ಮಧ್ಯೆ ಸಿಕ್ಕಿರುವುದು ಒಂದು ಬೆಳಗು. ಭಯಪಡಬೇಡಿ, ಸಾಕಾಗುತ್ತದೆ. ಊರೆಲ್ಲ ನೋಡಿ ಮುಗಿಸುವ ಆಸೆಯನ್ನಷ್ಟೇ ಬಿಡಿ. ಮೂರು ಜಾಗ ನೋಡೋಣ, ನಿಧಾನವಾಗಿ.

1. ಹಿಂದಿನ ರಾತ್ರಿಯೇ ಆಟೋ ಗೊತ್ತು ಮಾಡಿಕೊಳ್ಳಿ. ಗೋಳಗುಮ್ಮಟ, ಮುಲುಕ್ ಮೈದಾನ ತೋಪು, ಇಬ್ರಾಹಿಂ ರೋಜಾ ಎಂದು ಮೂರೂ ಹೆಸರು ಹೇಳಿ. ಕಾಯುವುದಕ್ಕೂ ಸೇರಿಸಿ ಎಷ್ಟು ಎಂದು ಆಗಲೇ ಕೇಳಿ. ಹೊಸಬರು ಮರೆಯುವುದು ಇದನ್ನೇ.

2. ಬೆಳಗ್ಗೆ ಆರಕ್ಕೆ ಗೋಳಗುಮ್ಮಟದ ಗೇಟಿನಲ್ಲಿರಿ. ಟಿಕೆಟ್ ತೆಗೆದುಕೊಳ್ಳಿ; 15 ವರ್ಷದೊಳಗಿನ ಮಕ್ಕಳಿಗೆ ಬೇಕಿಲ್ಲ. ಎದುರಿಗೆ ಸಿಗುವ ಮ್ಯೂಸಿಯಂ ತೆರೆಯುವುದು ತಡ, ಕಾಯಬೇಡಿ.

3. ಒಳಗೆ ಹೋಗಿ ತಲೆ ಎತ್ತಿ ನೋಡಿ. ಅಷ್ಟು ದೊಡ್ಡ ಹಜಾರಕ್ಕೆ ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳೇ ಗುಮ್ಮಟದ ಭಾರ ಹೊತ್ತಿವೆ. ಇಲ್ಲಿ ಮಲಗಿರುವವನು 1656ರಲ್ಲಿ ತೀರಿಕೊಂಡ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ. ಕಾಣುವ ಗೋರಿ ಮೇಲಿನ ಗುರುತಷ್ಟೇ, ನಿಜವಾದದ್ದು ಕೆಳಗಿನ ನೆಲಮಾಳಿಗೆಯಲ್ಲಿದೆ.

4. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ. ಏಳು ಅಂತಸ್ತು. ಮೆಟ್ಟಿಲು ಕಡಿದು, ಜಾಗ ಇಕ್ಕಟ್ಟು, ಬೆಳಕೂ ಕಡಿಮೆ. ಗೋಡೆಗೆ ಕೈ ಆನಿಸಿ, ಕಿಂಡಿಯಲ್ಲಿ ಬೆಳಕು ಕಂಡಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳಿ. ಮೊಣಕಾಲು ನೋವಿದ್ದವರು ಕೆಳಗೇ ಕುಳಿತರೂ ಚಿಂತೆಯಿಲ್ಲ.

5. ಈಗ ಪಿಸುಗುಟ್ಟಿ. ಗುಮ್ಮಟದ ಬುಡದ ಸುತ್ತುಮೊಗಸಾಲೆಗೆ ಬಂದಿದ್ದೀರಿ. ಜೊತೆಯವರನ್ನು ಎದುರು ಬದಿಗೆ ಕಳುಹಿಸಿ. ನಡುವೆ ಸುಮಾರು 37 ಮೀಟರ್ ಅಂತರ. ಅವರು ಗೋಡೆಗೆ ಕಿವಿ ಕೊಡಲಿ. ನೀವು ಗೋಡೆಯ ಕಡೆಗೆ ಬಾಯಿ ಮಾಡಿ, ಗುಟ್ಟು ಹೇಳುವಷ್ಟೇ ಸಣ್ಣಗೆ ಅವರ ಹೆಸರು ಹೇಳಿ. ದನಿ ದುಂಡನೆಯ ಗೋಡೆಗುಂಟ ಜಾರಿಕೊಂಡು ಹೋಗಿ ಅವರ ಕಿವಿ ಮುಟ್ಟುತ್ತದೆ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ, ಅದು ಮರಳಿ ಮರಳಿ ಬರುವುದನ್ನು ಎಣಿಸಿ. ಎಚ್ಚರಿಕೆ: ಕೂಗಬೇಡಿ. ಇಬ್ಬರು ಕೂಗಿದರೆ ಸಾಕು, ಎಲ್ಲ ಕಲಸಿಹೋಗಿ ಬರೀ ಗದ್ದಲ ಉಳಿಯುತ್ತದೆ. ಶಾಲೆಯ ಮಕ್ಕಳ ಬಸ್ಸುಗಳು ಬರುವ ಮೊದಲೇ ಇಲ್ಲಿರಬೇಕು ಎಂದು ಆರು ಗಂಟೆಗೆ ಎಬ್ಬಿಸಿದ್ದು ಇದಕ್ಕೇ.

6. ತಿಂಡಿ ತಿನ್ನಿ. ಮಂಡಕ್ಕಿಯ ಸೂಸಲಾ ಸಿಕ್ಕರೆ ಬಿಡಬೇಡಿ, ಜೊತೆಗೊಂದು ಮಿರ್ಚಿ.

7. ತೋಪು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ನೇರ ಬಾಯಿಯ ಬಳಿ ಹೋಗಿ: ಸಿಂಹದ ಮೋರೆ, ಅದರ ಹಲ್ಲಿನ ನಡುವೆ ಆನೆ. ಹತ್ತು ನಿಮಿಷ ಸಾಕು. ಹತ್ತಿರದಲ್ಲೇ ಉಪ್ಪಲಿ ಬುರುಜು ಕಾಣುತ್ತದೆ. ಇನ್ನೂ ಮೆಟ್ಟಿಲು ಹತ್ತುವ ಶಕ್ತಿಯಿದ್ದರೆ ಮಾತ್ರ ಅತ್ತ ಹೆಜ್ಜೆ ಹಾಕಿ.

8. ಇಬ್ರಾಹಿಂ ರೋಜಾಕ್ಕೆ ಉಳಿದ ಹೊತ್ತನ್ನೆಲ್ಲ ಕೊಡಿ. ನನ್ನ ಮಟ್ಟಿಗೆ ಊರಿನ ಅತಿ ಚೆಲುವಾದ ಕಟ್ಟಡ ಇದೇ. ಒಂದೇ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ಹೊರಗಿನಿಂದ ಫೋಟೋ ತೆಗೆದು ಹೊರಟುಬಿಡಬೇಡಿ. ಚಪ್ಪಲಿ ಬಿಟ್ಟು ಗೋರಿಯ ಗೋಡೆಯ ಸುತ್ತ ಒಂದು ಸುತ್ತು ಬನ್ನಿ, ಕಿಟಕಿಗಳ ಜಾಲಂಧ್ರ ನೋಡಿ. ಅಲ್ಲಿರುವುದು ಬರೀ ಬಳ್ಳಿಯ ನಕ್ಷೆಯಲ್ಲ, ಕಲ್ಲಿನಲ್ಲಿ ಕೊರೆದ ಅರಬ್ಬಿ ಅಕ್ಷರಗಳು. ಅವುಗಳ ಸಂದಿಯಿಂದಲೇ ಒಳಗೆ ಬೆಳಕು. ಬಿಸಿಲು ಏರಿದಷ್ಟೂ ಕಲ್ಲುಹಾಸು ಕಾಯುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ.

9. ಹನ್ನೊಂದೂವರೆಗೆ ಆಟೋ ಹತ್ತಿ, ಬಸ್‌ಸ್ಟ್ಯಾಂಡ್ ಎನ್ನಿ.