ತಂತಿಯಲ್ಲಿ ಕರಗುವ ಯೂನಿಟ್‌ಗಳು

ಸೋಲಾರ್ ಘಟಕ ಎಷ್ಟು ಯೂನಿಟ್ ಕೊಟ್ಟೀತು ಎಂದು ಮುಂಚಿತವಾಗಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಲ್ಲಿ ವೈರಿಂಗ್ ನಷ್ಟದ ಅಂಕಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ಪಿವಿಸಿಸ್ಟ್‌ನಲ್ಲಿ ಡಿಸಿ ಬದಿಗೆ ಶೇ 1.5 ಎಂದು ಮೊದಲೇ ತುಂಬಿರುತ್ತದೆ, ಪಿವಿವಾಟ್ಸ್‌ನಲ್ಲಿ ಶೇ 2. ಬಿಸಿಲು, ಧೂಳು, ಪ್ಯಾನೆಲ್‌ಗಳ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರೂ ಇದನ್ನು ಇದ್ದ ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಪಾವಗಡ, ಚಳ್ಳಕೆರೆ ಕಡೆಯ ಘಟಕಗಳ ವಿನ್ಯಾಸದಲ್ಲಿ ತೊಡಗಿರುವ ನಾನು ಯಾರದೇ ವರದಿ ಬಂದರೂ ಮೊದಲು ನೋಡುವುದು ಇದನ್ನೇ.

ಪಿವಿಸಿಸ್ಟ್‌ನ ಶೇ 1.5 ವರ್ಷದ ಸರಾಸರಿಯಲ್ಲ. ಚದರ ಮೀಟರಿಗೆ 1,000 ವಾಟ್ ಬಿಸಿಲು, ಸೆಲ್‌ನ ಉಷ್ಣತೆ 25 ಡಿಗ್ರಿ ಇರುವ ಎಸ್‌ಟಿಸಿ ಸ್ಥಿತಿಯಲ್ಲಿ ಆಗುವ ನಷ್ಟ ಅದು. ತಂತಿಯಲ್ಲಿ ಹಾಳಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಬಿಸಿಲು ಅರ್ಧಕ್ಕಿಳಿದರೆ ಹಾಳಾಗುವ ವಾಟ್ ಕಾಲು ಭಾಗಕ್ಕಿಳಿಯುತ್ತದೆ, ಶೇಕಡಾವಾರು ಲೆಕ್ಕದಲ್ಲಿ ನಷ್ಟ ಅರ್ಧವಾಗುತ್ತದೆ. ಆದ್ದರಿಂದಲೇ ವರ್ಷದ ವರದಿಯಲ್ಲಿ ಅದು ಶೇ 1ರ ಆಸುಪಾಸಿನಲ್ಲಿ ಕಾಣುತ್ತದೆ. “ನಾವು ಒಂದೂವರೆ ಕೊಟ್ಟಿದ್ವಲ್ಲ ಸಾರ್, ಉಳಿದದ್ದು ಎಲ್ಲಿ ಹೋಯ್ತು?” ಎಂದು ಹೊಸ ಹುಡುಗರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಪಿವಿವಾಟ್ಸ್‌ನ ಶೇ 2 ಹಾಗಲ್ಲ, ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ಸಮನೆ ಕಳೆಯುವ ಅಂಕಿ ಅದು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಾರದು.

ಇನ್ನು ಅಂಕಿ ಎಲ್ಲಿಂದ ಬರಬೇಕು? ಕೇಬಲ್‌ನಿಂದಲೇ. 540 ವಾಟ್‌ನ 28 ಪ್ಯಾನೆಲ್‌ಗಳ ಒಂದು ಸ್ಟ್ರಿಂಗ್ ಹಿಡಿಯಿರಿ: ಸುಮಾರು 1,150 ವೋಲ್ಟ್, 13 ಆಂಪಿಯರ್. ಇನ್ವರ್ಟರ್ ಸರಾಸರಿ 100 ಮೀಟರ್ ದೂರ. ಕರೆಂಟ್ ಹೋಗಿ ಬರಬೇಕು, ಅಂದರೆ ತಂತಿ 200 ಮೀಟರ್. 4 ಚದರ ಮಿಲಿಮೀಟರ್‌ನ ತಾಮ್ರದ ಸೋಲಾರ್ ಕೇಬಲ್‌ಗೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 5.09 ಓಮ್ ರೋಧ, 70 ಡಿಗ್ರಿಗೆ ಕಾದರೆ 6.1. ನಷ್ಟ ಶೇ 1.4ರಷ್ಟಾಯಿತು. ಇದೇ ಕೇಬಲನ್ನು ಹೋಗುವ ದಾರಿ ಮಾತ್ರ ಹಿಡಿದು, 20 ಡಿಗ್ರಿಯ ಪಟ್ಟಿ ನೋಡಿ ಲೆಕ್ಕ ಹಾಕಿದರೆ ಶೇ 0.6! ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. 6 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ನಿಜವಾಗಿ ಸಿಗುವುದು ಶೇ 0.9.

ಉದ್ದವನ್ನು ಡ್ರಾಯಿಂಗ್ ಮೇಲೆ ಅಳೆದರೂ ಸಾಲದು. ಆ ಕಡೆಯ ನೆಲದಲ್ಲಿ ಟ್ರೆಂಚ್ ಗೆರೆ ಎಳೆದಷ್ಟು ನೇರ ಹೋಗುವುದಿಲ್ಲ. ಬಂಡೆ ಸಿಕ್ಕಿದಲ್ಲಿ ಸುತ್ತಬೇಕು, ಹಳ್ಳ ಬಂದಲ್ಲಿ ತಿರುಗಬೇಕು, ಎರಡೂ ತುದಿಯಲ್ಲಿ ಒಂದಿಷ್ಟು ಸಡಿಲ ಬಿಡಬೇಕು. ಒಂದು ಸೈಟಿನ ಮೇಸ್ತ್ರಿ ಟೇಪ್ ಹಿಡಿದು ನನ್ನ ಜೊತೆ ಕೊನೆಯ ಟೇಬಲ್‌ವರೆಗೂ ನಡೆದು ಬಂದು, “ಈ ಸಾಲಿಗೆ ಡ್ರಾಯಿಂಗ್‌ಗಿಂತ ಹದಿನೈದು ಮೀಟರ್ ಜಾಸ್ತಿ ಬರ್ಕೊಳ್ಳಿ ಸಾರ್” ಎಂದರು. ಅಂದಿನಿಂದ ಮೇಸ್ತ್ರಿಗಳು ಹೇಳುವ ಉದ್ದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಎಸಿ ಬದಿಯ ಲೆಕ್ಕ ಬೇರೆ. ಇನ್ವರ್ಟರ್ ಸಾಮರ್ಥ್ಯಕ್ಕಿಂತ ಹೆಚ್ಚು ಪ್ಯಾನೆಲ್ ಹಾಕಿದ ಘಟಕದಲ್ಲಿ ಎಸಿ ಕೇಬಲ್ ಎಷ್ಟೋ ಹೊತ್ತು ಪೂರ್ಣ ಹೊರೆಯಲ್ಲೇ ಇರುತ್ತದೆ. ಅಲ್ಲಿ ವಾರ್ಷಿಕ ನಷ್ಟ ಡಿಸಿಯಷ್ಟು ಇಳಿಯುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ನಷ್ಟವಂತೂ ಲೈನಿಗೆ ಜೋಡಿಸಿರುವ ತನಕ ರಾತ್ರಿಯೂ ನಿಲ್ಲುವುದಿಲ್ಲ. ಹಣ ಕೊಡುವ ಮೀಟರ್ ಎಲ್ಲಿದೆಯೋ ಅಲ್ಲಿಯವರೆಗಿನ ಪ್ರತಿ ಮೀಟರ್ ಕೇಬಲ್ ಲೆಕ್ಕಕ್ಕೆ ಬರಬೇಕು.

‘ಸೇಫ್ ಆಗಿರಲಿ’ ಎಂದು ಶೇ 3 ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಅದರ ಮರೆಯಲ್ಲಿ ತೆಳ್ಳಗಿನ ಕೇಬಲ್ ಸದ್ದಿಲ್ಲದೆ ಒಳಗೆ ಬರುತ್ತದೆ. ಕಿಲೋವಾಟಿಗೆ ವರ್ಷಕ್ಕೆ 1,600 ಯೂನಿಟ್ ಹಿಡಿದರೆ, 10 ಮೆಗಾವಾಟ್ ಘಟಕದಲ್ಲಿ 6ರ ಬದಲು 4 ಚದರ ಮಿಲಿಮೀಟರ್ ಹಾಕಿದ್ದಕ್ಕೆ ಪ್ರತಿ ವರ್ಷ ಹತ್ತಿರಹತ್ತಿರ 45 ಸಾವಿರ ಯೂನಿಟ್ ತಂತಿ ಬಿಸಿ ಮಾಡುವುದಕ್ಕೇ ಹೋಗುತ್ತದೆ. ಅದಕ್ಕೇ ನಮ್ಮ ವರದಿಗಳ ಜೊತೆ ಕೇಬಲ್‌ನ ಅಳತೆ, ಉದ್ದ, ಉಷ್ಣತೆಯ ಪಟ್ಟಿಯನ್ನೂ ಲಗತ್ತಿಸುತ್ತೇವೆ. ಖರೀದಿ ವಿಭಾಗದವರು ಕೇಬಲ್ ಬದಲಿಸಿದರೆ ಅಂದೇ ಸಿಮ್ಯುಲೇಷನ್ ಮತ್ತೆ ಓಡಿಸುತ್ತೇವೆ.