ಈ ಕಾದಂಬರಿ ನಮ್ಮ ಮಗುವಿಗೆ ಆದೀತೇ?

ಮುಂಬಯಿಯ ಸಯನ್‌ನಿಂದ ನಡೆದೇ ಹೋಗಬಹುದಾದ ಕಿಂಗ್ಸ್ ಸರ್ಕಲ್‌ನಲ್ಲಿ, ಮಹೇಶ್ವರಿ ಉದ್ಯಾನದ ಆಸುಪಾಸಿನ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಮಾರುವವರಿದ್ದಾರೆ. ಅಲ್ಲಿ ಮಕ್ಕಳ ಕಾದಂಬರಿಯೊಂದನ್ನು ಕೈಗೆತ್ತಿಕೊಂಡ ಅಪ್ಪ-ಅಮ್ಮ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ಎಷ್ಟನೇ ಕ್ಲಾಸಿನವರಿಗೆ?’ ಮಾರುವವನು ರಕ್ಷಾಪುಟದ ಚಿತ್ರ ನೋಡಿ ಒಂದು ಅಂಕಿ ಹೇಳುತ್ತಾನೆ, ವ್ಯಾಪಾರ ಕುದುರುತ್ತದೆ. ಎಷ್ಟೋ ಸಲ ಆ ಪುಸ್ತಕ ಮನೆಗೆ ಬಂದು ಮೂರನೇ ಪುಟದಲ್ಲೇ ನಿಂತುಬಿಡುತ್ತದೆ.

ಮಾರುವವನನ್ನು ದೂರಿ ಪ್ರಯೋಜನವಿಲ್ಲ, ಪ್ರಶ್ನೆಯೇ ಸರಿಯಿಲ್ಲ. ಸಯನ್‌ನ ಕನ್ನಡ ಮನೆಯ ಮಗು ಹೆಚ್ಚಾಗಿ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. 2020ರ ಕಾನೂನಿನಿಂದಾಗಿ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಬಿಲ್ಡಿಂಗಿನ ಕೆಳಗೆ ಆಟಕ್ಕಿಳಿದರೆ ಹಿಂದಿ. ಮನೆಯೊಳಗೆ ಕನ್ನಡ, ಇಲ್ಲವೇ ತುಳು, ಕೊಂಕಣಿ. ಹತ್ತು ವರ್ಷದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಹ್ಯಾರಿ ಪಾಟರ್ ಮುಗಿಸಿರುತ್ತಾಳೆ, ಮರಾಠಿಯಲ್ಲಿ ಭಾ.ರಾ. ಭಾಗವತರ ‘ಫಾಸ್ಟರ್ ಫೇಣೆ’ಯನ್ನೂ ಓದುತ್ತಾಳೆ. ಕನ್ನಡದಲ್ಲಿ ಮಾತ್ರ ಒತ್ತಕ್ಷರ ಸಿಕ್ಕಲ್ಲೆಲ್ಲ ತಡವರಿಸುತ್ತಾಳೆ. ಆದರೆ ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳುವ ಗದ್ದೆ ಜಗಳದ ಕಥೆ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ‘ವಯಸ್ಸು ಹತ್ತು’ ಎಂದರೆ ಇವಳ ಬಗ್ಗೆ ಏನು ತಿಳಿದಂತಾಯಿತು?

ಮುಂಬಯಿ ಕನ್ನಡಿಗರಿಗೆ ಈ ತೊಡಕು ಹೊಸದೇನಲ್ಲ. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರ ಕಾಲದಲ್ಲೂ ತರಗತಿಗೂ ವಯಸ್ಸಿಗೂ ತಾಳೆಯಾಗುತ್ತಿರಲಿಲ್ಲ.

ಮೊದಲು ಮಗುವಿನ ಅಳತೆ

ಪುಸ್ತಕ ತೆರೆಯುವ ಮೊದಲು ಮೂರು ಸಂಗತಿ ತಿಳಿದಿರಬೇಕು. ಓದಿ ಹೇಳಿದರೆ ಮಗುವಿಗೆ ಎಷ್ಟು ಅರ್ಥವಾಗುತ್ತದೆ, ತಾನೇ ಓದಿದರೆ ಎಷ್ಟು ಓದುತ್ತದೆ, ಸಾವು-ನೋವು-ಭಯದ ವಿಷಯ ಬಂದರೆ ಎಷ್ಟು ತಾಳಿಕೊಳ್ಳುತ್ತದೆ. ಮೂರೂ ಒಂದೇ ಮಟ್ಟದಲ್ಲಿರುವುದು ಅಪರೂಪ.

ಮೊದಲಿನದನ್ನು ಅಳೆಯಲು ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಒಳ್ಳೆಯ ಸಾಧನ. ವರ್ಷದ ದಿನಕ್ಕೊಂದರಂತೆ ಹನ್ನೆರಡು ಸಂಪುಟಗಳಲ್ಲಿರುವ ಈ ಕಥೆಗಳಲ್ಲಿ ಕೆಲವನ್ನು ಒಂದು ವಾರ ಓದಿ ಹೇಳಿ ನೋಡಬಹುದು. ನಿನ್ನೆಯ ಕಥೆಯನ್ನು ಮಗು ಇವತ್ತು ತನ್ನ ಮಾತಿನಲ್ಲಿ ಹೇಳಿದರೆ, ಅಧ್ಯಾಯಗಳಿರುವ ಕಾದಂಬರಿಗೆ ಅದರ ಕಿವಿ ಸಿದ್ಧವಾಗಿದೆ. ಕಾದಂಬರಿಯ ನಿಜವಾದ ಕಷ್ಟ ಅದರ ಉದ್ದವಲ್ಲ, ನಿನ್ನೆ ಎಲ್ಲಿ ಬಿಟ್ಟೆವು ಎಂಬುದನ್ನು ನೆನಪಿಟ್ಟುಕೊಳ್ಳುವುದು.

ಇಲ್ಲಿ ಮನೆಮನೆಯಲ್ಲೂ ನಡೆಯುವ ಎಡವಟ್ಟೊಂದಿದೆ. ಮಗುವಿನ ಕನ್ನಡ ಓದು ಒಂದನೇ ಕ್ಲಾಸಿನ ಮಟ್ಟದ್ದು ಎಂದು ಹತ್ತು ವರ್ಷದವಳ ಕೈಗೆ ಮೊಲ-ಆಮೆಯ ದೊಡ್ಡಕ್ಷರದ ಪುಸ್ತಕ ಕೊಡುವುದು. ಅವಳು ಅದನ್ನು ತಮ್ಮನ ಕಡೆ ತಳ್ಳುತ್ತಾಳೆ, ತಳ್ಳಬೇಕಾದದ್ದೇ. ಓದು ಹಿಂದೆ ಬಿದ್ದು ತಿಳಿವಳಿಕೆ ಮುಂದೆ ಹೋಗಿದ್ದರೆ ದೊಡ್ಡವರೇ ಗಟ್ಟಿಯಾಗಿ ಓದಬೇಕು. ಲೂಯಿಸ್ ಕ್ಯಾರಲ್‌ನ 1865ರ ‘ಆಲಿಸ್’ ಅನ್ನು ನಾ. ಕಸ್ತೂರಿ ಕನ್ನಡಕ್ಕೆ ತಂದ ‘ಪಾತಾಳದಲ್ಲಿ ಪಾಪಚ್ಚಿ’ಯಂಥ ಪುಸ್ತಕಕ್ಕಂತೂ ಕಣ್ಣಿಗಿಂತ ಕಿವಿಯೇ ಹೆಚ್ಚು ಬೇಕು.

ಒಂದು ಪುಟ, ಐದು ಬೆರಳು

ಮಗು ತಾನೇ ಓದುವುದಾದರೆ ಶಾಲಾ ಲೈಬ್ರರಿಗಳಲ್ಲಿ ಬಳಕೆಯಲ್ಲಿರುವ ಒಂದು ಉಪಾಯವಿದೆ. ಪುಸ್ತಕದ ನಡುವಿನ ಯಾವುದಾದರೂ ಪುಟ ತೆರೆದು ಓದಿಸುವುದು, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸುವುದು. ಎರಡು-ಮೂರು ಬೆರಳಾದರೆ ಸರಿಯಾದ ಪುಸ್ತಕ. ಐದೂ ಮಡಿಸಿದರೆ ಸದ್ಯಕ್ಕೆ ಕಷ್ಟ.

ಸಯನ್‌ನಲ್ಲಿ ಈ ಲೆಕ್ಕವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಮಗು ನಿಂತದ್ದು ಅಕ್ಷರಕ್ಕೋ, ಪದಕ್ಕೋ, ವಸ್ತುವಿಗೋ? ‘ಸ್ತ್ರೀ’ ಎಂಬಲ್ಲಿ ನಿಂತರೆ ಅದು ಲಿಪಿಯ ತೊಂದರೆ. ಒಮ್ಮೆ ಓದಿ ತೋರಿಸಿದರೆ ಸಾಕು, ಬೆರಳು ಮಡಿಸುವುದು ಬೇಡ. ‘ಅಡಿಕೆ ಚಪ್ಪರ’ದಲ್ಲಿ ನಿಂತರೆ ಮಗು ಅಂಥದ್ದನ್ನು ನೋಡೇ ಇಲ್ಲ ಎಂದರ್ಥ. ಒಂದು ಪುಟದಲ್ಲಿ ಇಂಥವು ನಾಲ್ಕೈದು ಬಂದರೆ ಆ ಪುಸ್ತಕವನ್ನು ಬೇಸಿಗೆ ರಜೆಗೆ ಊರಿಗೆ ಒಯ್ಯುವುದೇ ಜಾಣತನ. ಅಲ್ಲಿ ಚಪ್ಪರ ಕಣ್ಣೆದುರಿಗೇ ಇರುತ್ತದೆ.

ಅಕ್ಷರದ ಗಾತ್ರ, ಚಿತ್ರ, ಸಾಲುಗಳ ನಡುವಿನ ಜಾಗ ಇವನ್ನೆಲ್ಲ ಅಂಗಡಿಯಲ್ಲೇ ನೋಡಿಬಿಡಬಹುದು. ಅವುಗಳಿಗಿಂತ ಮುಖ್ಯ ಅಧ್ಯಾಯದ ಉದ್ದ. ಊಟಕ್ಕೂ ನಿದ್ದೆಗೂ ನಡುವೆ ಒಂದು ಅಧ್ಯಾಯ ಮುಗಿಯಬೇಕು. ಸಾನೆ ಗುರೂಜಿ ನಾಸಿಕದ ಜೈಲಿನಲ್ಲಿ ಬರೆದ ‘ಶ್ಯಾಮಚಿ ಆಯಿ’ (1935) ಇವತ್ತಿಗೂ ಮರಾಠಿ ಮನೆಗಳಲ್ಲಿ ಓದಿಸಿಕೊಳ್ಳುತ್ತಿರುವುದಕ್ಕೆ ಅದರ ಅಧ್ಯಾಯಗಳು ಒಂದೊಂದು ರಾತ್ರಿಗೆ ಒಂದೊಂದು ಕಥೆಯಾಗಿರುವುದೂ ಒಂದು ಕಾರಣವಿರಬೇಕು.

ನಾಯಕನ ವಯಸ್ಸು ದಾರಿ ತಪ್ಪಿಸುತ್ತದೆ

ಕಥೆಯ ಹುಡುಗ ಹತ್ತು ವರ್ಷದವನಾದರೆ ಪುಸ್ತಕವೂ ಹತ್ತು ವರ್ಷದವರಿಗೆ ಎಂದು ತಿಳಿಯುವವರು ಬಹಳ. ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಮಕ್ಕಳಿಗೆಂದೇ ಬರೆದದ್ದಲ್ಲ. ಸ್ವಾಮಿಯ ಪರದಾಟಕ್ಕೆ ಮಕ್ಕಳು ನಗುತ್ತಾರೆ, ಅದರ ಹಿಂದಿನ ವ್ಯಂಗ್ಯ ಅಪ್ಪನಿಗೆ ತಿಳಿಯುತ್ತದೆ. ಇನ್ನು ಸರಣಿ ಪುಸ್ತಕಗಳಲ್ಲಿ ನಾಯಕ ಬೆಳೆಯುತ್ತ ಹೋಗುತ್ತಾನೆ. 1997ರ ಮೊದಲ ಪುಸ್ತಕದಲ್ಲಿ ಹನ್ನೊಂದು ತುಂಬುವ ಹ್ಯಾರಿ, 2000ದಲ್ಲಿ ಬಂದ ನಾಲ್ಕನೆಯದರಲ್ಲಿ ತನ್ನ ಶಾಲೆಯ ಹುಡುಗನೊಬ್ಬನ ಕೊಲೆಯನ್ನು ಕಣ್ಣಾರೆ ನೋಡುತ್ತಾನೆ. ಮೊದಲನೆಯದನ್ನು ಪರೀಕ್ಷಿಸಿ ಏಳನ್ನೂ ಒಟ್ಟಿಗೆ ಕೊಡಿಸಿದರೆ, ಎಂಟು ವರ್ಷದ ಓದುಗ ಒಂದೇ ರಜೆಯಲ್ಲಿ ಅಲ್ಲಿಗೆ ತಲುಪಿಬಿಡುತ್ತಾನೆ.

‘ತೊತ್ತೋಚಾನ್’ ಎಂಬ ಪಾಠ

ಪುಸ್ತಕ ಪರೀಕ್ಷಿಸುವುದು ಹೇಗೆಂದು ಕಲಿಯಲು ತೆತ್ಸುಕೊ ಕುರೊಯಾನಗಿ ಬರೆದ ‘ತೊತ್ತೋಚಾನ್’ಗಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ. 1981ರಲ್ಲಿ ಜಪಾನಿನಲ್ಲಿ ಬಂದ ಇದು ಕನ್ನಡದಲ್ಲೂ ಇದೆ. ಕಾದಂಬರಿಯಂತೆ ಓದಿಸಿಕೊಳ್ಳುವ ಬಾಲ್ಯದ ನೆನಪುಗಳು, ಪುಟ್ಟ ಪುಟ್ಟ ಅಧ್ಯಾಯಗಳು. ಮೇಜಿನ ಮುಚ್ಚಳವನ್ನು ಪದೇಪದೇ ತೆರೆದು ಮುಚ್ಚಿ, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದು ಶಾಲೆಯಿಂದ ಹೊರಬಿದ್ದ ಒಂದನೇ ಕ್ಲಾಸಿನ ಹುಡುಗಿ ತೊತ್ತೋಚಾನ್, ಸೊಸಾಕು ಕೊಬಾಯಾಶಿ ಎಂಬ ಮೇಷ್ಟ್ರ ತೊಮೊಯೆ ಶಾಲೆಗೆ ಸೇರುತ್ತಾಳೆ. ಅಲ್ಲಿ ತರಗತಿಗಳು ನಡೆಯುವುದು ಹಳೇ ರೈಲು ಬೋಗಿಗಳಲ್ಲಿ.

ಹೆಸರುಗಳೆಲ್ಲ ಜಪಾನಿನವು, ನಾಲಗೆ ಹೊರಳದು. ಆದರೂ ಸೆಂಟ್ರಲ್ ಲೈನಿನ ಪಕ್ಕದಲ್ಲಿ ಬೆಳೆಯುವ ಮಗುವಿಗೆ ಈ ರೈಲು ಬೋಗಿ, ಮಲೆನಾಡಿನ ಅಡಿಕೆ ತೋಟಕ್ಕಿಂತ ಹತ್ತಿರ. ಪುಸ್ತಕ ಪರದೇಶದ್ದು ಎಂದೊಡನೆ ದೂರದ್ದು, ಕನ್ನಡದ್ದು ಎಂದೊಡನೆ ನಮ್ಮದು ಎಂದು ತೀರ್ಮಾನಿಸುವವರು ಈ ಬೋಗಿಯನ್ನೊಮ್ಮೆ ನೆನೆಯಬೇಕು.

ಮೊದಲ ಹತ್ತು ಪುಟ ಓದಿದವರು ಇದನ್ನು ಬರೀ ತಮಾಷೆಯ ಪುಸ್ತಕ ಎಂದುಕೊಳ್ಳುತ್ತಾರೆ. ಹಾಗಾಗಿ ದೊಡ್ಡವರು ನಡುವಿನ ಒಂದೆರಡು ಅಧ್ಯಾಯ ಮತ್ತು ಕೊನೆಯದನ್ನು ಮೊದಲೇ ಓದಿರಬೇಕು. ಜಾತ್ರೆಯಲ್ಲಿ ಹಟ ಹಿಡಿದು ಕೊಂಡ ಕೋಳಿಮರಿಗಳು ಸಾಯುತ್ತವೆ. ಪೋಲಿಯೊ ಪೀಡಿತ ಗೆಳೆಯ ಯಾಸುಆಕಿಯನ್ನು ತೊತ್ತೋಚಾನ್ ಬಹಳ ಕಷ್ಟಪಟ್ಟು ಮರ ಹತ್ತಿಸುತ್ತಾಳೆ, ಮುಂದೆ ಅವನೂ ತೀರಿಕೊಳ್ಳುತ್ತಾನೆ. ಯುದ್ಧದ ಬಾಂಬುಗಳಿಗೆ ಶಾಲೆಯೇ ಸುಟ್ಟುಹೋಗುತ್ತದೆ. ಇದೆಲ್ಲ ಇದೆ ಎಂದು ಎಂಟು-ಒಂಬತ್ತರ ಮಗುವಿಂದ ಪುಸ್ತಕ ಮುಚ್ಚಿಡಬೇಕೇ? ಖಂಡಿತ ಬೇಡ. ನೋಡಬೇಕಾದದ್ದು ಸಾವು ಇದೆಯೋ ಇಲ್ಲವೋ ಎಂದಲ್ಲ, ಆ ಸಾವಿನ ಹೊತ್ತಿಗೆ ಲೇಖಕಿ ಮಗುವಿನ ಕೈ ಹಿಡಿದಿದ್ದಾಳೋ ಬಿಟ್ಟಿದ್ದಾಳೋ ಎಂದು. ಇಲ್ಲಿ ಹಿಡಿದಿದ್ದಾಳೆ. ಉರಿಯುವ ಶಾಲೆಯೆದುರು ನಿಂತ ಮೇಷ್ಟ್ರು, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಯೋಚಿಸುತ್ತಾರೆ. ಆದರೆ ಈಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗುವಾದರೆ ಕೆಲವು ತಿಂಗಳು ಕಾಯುವುದು ಲೇಸು. ಅಳತೆಯ ಮೂರನೇ ಸಂಗತಿ ಉಪಯೋಗಕ್ಕೆ ಬರುವುದು ಇಲ್ಲೇ.

ಮಕ್ಕಳು ಬಟ್ಟೆಯಿಲ್ಲದೆ ಕೊಳಕ್ಕಿಳಿಯುವ ಅಧ್ಯಾಯವೂ ಅದರಲ್ಲಿದೆ. ಪುಟ ತಿರುವಿದಾಗ ಅದೊಂದೇ ಕಣ್ಣಿಗೆ ಬಿದ್ದ ಅಮ್ಮ ಗಾಬರಿಯಾದಾರು. ಮುಂದಕ್ಕೆ ಓದಿದರೆ ಮೇಷ್ಟ್ರ ಉದ್ದೇಶ ಗೊತ್ತಾಗುತ್ತದೆ: ಅಂಗವಿಕಲ ಮಕ್ಕಳೂ ಸೇರಿ ಯಾರಿಗೂ ತಮ್ಮ ಮೈಯ ಬಗ್ಗೆ ನಾಚಿಕೆ ಹುಟ್ಟಬಾರದು. ಬಿಡಿ ಸಾಲು, ಬಿಡಿ ದೃಶ್ಯ ನೋಡಿ ಪುಸ್ತಕ ತಳ್ಳಿಹಾಕುವುದು ಅವಸರದ ಕೆಲಸ.

ಮುದ್ರಣದ ವರ್ಷ ನೋಡಿ

ಫುಟ್‌ಪಾತಿನಲ್ಲಿ ಕೊಳ್ಳುವವರಿಗೆ ಇದು ಬಹಳ ಮುಖ್ಯ. ರೋಲ್ಡ್ ಡಾಲ್‌ನ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ 1964ರಲ್ಲಿ ಬಂದಾಗ ಕಾರ್ಖಾನೆಯ ಕೆಲಸದ ಊಂಪಾ-ಲೂಂಪಾಗಳನ್ನು ಆಫ್ರಿಕದ ಪಿಗ್ಮಿಗಳೆಂದು ಚಿತ್ರಿಸಲಾಗಿತ್ತು. ಟೀಕೆ ಬಂದ ಮೇಲೆ 1973ರ ಆವೃತ್ತಿಯಲ್ಲಿ ಅದು ಬದಲಾಯಿತು. 2023ರಲ್ಲಿ ಪ್ರಕಾಶಕರು ‘ದಪ್ಪ’ ಎಂಬಂಥ ಪದಗಳನ್ನೂ ತೆಗೆದಾಗ ದೊಡ್ಡ ಗಲಾಟೆಯೇ ಆಗಿ, ಹಳೆಯ ಪಾಠವನ್ನೂ ಜೊತೆಗೆ ಮಾರುವುದಾಗಿ ಹೇಳಿದರು. ಒಂದೇ ಹೆಸರಿನ ಪುಸ್ತಕದೊಳಗೆ ಬೇರೆ ಬೇರೆ ಪಾಠ ಇರಬಹುದು ಎಂದಾಯಿತು.

ನಮ್ಮ ಹಳೆಯ ಕಥೆಗಳಲ್ಲೂ ಕಪ್ಪು ಬಣ್ಣದವಳು ಕೆಟ್ಟವಳು, ಮಲತಾಯಿ ರಾಕ್ಷಸಿ, ಕುಂಟ-ಕುರುಡರು ನಗೆಪಾಟಲು ಎಂಬ ಚಾಳಿ ಉಂಟು. ಒಂದೆರಡು ಕಡೆ ಇದ್ದರೆ ಓದುತ್ತ ಮಾತಾಡಬಹುದು. ಕಥೆ ನಿಂತಿರುವುದೇ ಅದರ ಮೇಲಾದರೆ ಕೆಳಗಿಡುವುದು ಮೇಲು.

ಪ್ರಶಸ್ತಿಯ ಮುದ್ರೆ ಎಷ್ಟು ನೆಚ್ಚಬಹುದು?

ಪಟ್ಟಿ ಮಾಡಿಕೊಳ್ಳಲು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಒಳ್ಳೆಯ ದಾರಿ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011), ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’ (2019), ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಇವೆಲ್ಲ ಪುರಸ್ಕಾರ ಪಡೆದ ಕಾದಂಬರಿಗಳು. ಮಕ್ಕಳ ಕಾದಂಬರಿ ಕನ್ನಡದಲ್ಲಿ ಎಲ್ಲಿದೆ ಎಂದು ಕೇಳುವವರಿಗೆ ಇಷ್ಟು ಸಾಕು. ಆದರೆ ಪ್ರಶಸ್ತಿ ಕೊಡುವವರು ದೊಡ್ಡವರು. ಅವರು ಗುಣ ನೋಡುತ್ತಾರೆ, ಸಯನ್‌ನ ಐದನೇ ಕ್ಲಾಸಿನ ಹುಡುಗನಿಗೆ ಲಿಪಿ ಎಷ್ಟು ಬರುತ್ತದೆಂದು ಅವರೇನು ಬಲ್ಲರು? ಐದು ಬೆರಳಿನ ಪರೀಕ್ಷೆ ಇವಕ್ಕೂ ಬೇಕು.

ಪುಸ್ತಕ ಎಲ್ಲಿ?

ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್‌ನಂಥ ಕನ್ನಡ ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ವಿಚಾರಿಸಿದರೆ ಓದಿದವರು, ಇಟ್ಟುಕೊಂಡವರು ಸಿಗುತ್ತಾರೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಅವು ಕಾದಂಬರಿಗಳಲ್ಲ, ಲಿಪಿಯಲ್ಲಿ ಕೈ ಕುದುರಲು ಸಾಕು. ಉಳಿದಂತೆ ಊರಿನಿಂದ ಕುರ್ಲಾಕ್ಕೆ ಮತ್ಸ್ಯಗಂಧಾ ರೈಲಿನಲ್ಲಿ ಬರುವ ನೆಂಟರೇ ಗತಿ. ಅವರಿಗೆ ಪುಸ್ತಕದ ಹೆಸರಷ್ಟೇ ಹೇಳಿದರೆ ಸಾಲದು. ಕೊಳ್ಳುವ ಮೊದಲು ನಡುವಿನ ಒಂದು ಪುಟದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ, ಅದನ್ನು ಮಗುವಿನಿಂದಲೇ ಓದಿಸಿ, ಬೆರಳು ಎಣಿಸಿ, ತರಬೇಕೋ ಬೇಡವೋ ತಿಳಿಸಿದರಾಯಿತು.